ಅತ್ತೆ ಬಾಯಿ ತೆರೆದ ಮೇಲೆ

ಫೆಬ್ರವರಿ 6, ಮಂಗಳವಾರ

ಕ್ಲಿನಿಕ್ಕಿನ ನಲ್ಲಿ ಮತ್ತೆ ಹೆಪ್ಪುಗಟ್ಟಿತ್ತು. ನರ್ಸ್ ಫರೀದಾ ಕೆಟಲ್‌ನಲ್ಲಿ ನೀರು ಕಾಯಿಸಿ ತಂದು ತಂದು ಸುಸ್ತಾದಳು. ಬೆಳಿಗ್ಗೆ ಒಂದು ಹಲ್ಲಿನ ಬೇರು ಕಿತ್ತದ್ದು, ಆಮೇಲೆ ಫಿಲ್ಲಿಂಗ್‌ಗಳು. ಮಧ್ಯಾಹ್ನ ಒಬ್ಬ ಕುರುಬ. ದವಡೆ ಕುಂಬಳಕಾಯಿ ಆಗಿದೆ. ಸೂಜಿ ಕಂಡದ್ದೇ ಚೇರಿನಿಂದ ಎದ್ದು ಹೊರಟುಬಿಟ್ಟ. ಚಳಿಗಾಲವಿಡೀ ತೋಳಗಳಿಂದ ಮಂದೆ ಕಾಯುವ ಮನುಷ್ಯ! ಫರೀದಾ ಬಾಗಿಲವರೆಗೆ ಹೋಗಿ ಕೂಗಿದಳು — “ಟೋಪಿನಾದ್ರೂ ತಗೊಂಡು ಹೋಗೋ ಮಾರಾಯ!”

ಮನೆಗೆ ಬಂದಾಗ ಅತ್ತೆ ಚಹಾದ ಮುಂದೆ. ರೊಟ್ಟಿಯನ್ನು ಚಹಾದಲ್ಲಿ ಅದ್ದಿ, ಮೆತ್ತಗಾಗಲಿ ಎಂದು ಕಾದು, ಬಾಯಿಗಿಟ್ಟು, ಬಲಗಡೆಯೇ ಅಗಿಯುವುದು. ಎಡಗಡೆ ಮುಟ್ಟಿಸುವುದೇ ಇಲ್ಲ. ಮಾಂಸ ಬಡಿಸಿದರೆ ಹಸಿವಿಲ್ಲ, ವಯಸ್ಸಾಯಿತು ಎನ್ನುತ್ತಾರೆ. ಕಳೆದ ವಾರ ಕುರಿಯ ತೊಡೆ ಬೇಯಿಸಿದಾಗಲೂ ಬರೀ ಸಾರು ಕುಡಿದು ಎದ್ದರು. ಬೀದಿಯವರೆಲ್ಲ ಹಲ್ಲು ನೋವೆಂದರೆ ನಮ್ಮ ಗೇಟು ತಟ್ಟುತ್ತಾರೆ. ನಮ್ಮ ಮನೆಯ ಬಾಯಿ ಮಾತ್ರ ಯಾರೂ ನೋಡಿಲ್ಲ.

ಫೆಬ್ರವರಿ 9

ಕೇಳಿಯೇಬಿಟ್ಟೆ. ಊಟದ ಹೊತ್ತಿಗೆ, ನನ್ನ ಗಂಡ ಮಿರ್ಲಾನ್ ಎದುರಿಗೇ. ಮಗ ಪಕ್ಕದಲ್ಲಿದ್ದರೆ ಅತ್ತೆ ಸ್ವಲ್ಪ ಮೆತ್ತಗಾಗುತ್ತಾರೆ ಎಂಬ ಲೆಕ್ಕ.

“ಎನೆ,” ಎಂದೆ. ಅತ್ತೆಯನ್ನು ನಾನು ಹಾಗೇ ಕರೆಯುವುದು, ಅಮ್ಮ ಎಂದು. “ನಾಳೆ ನನ್ನ ಜೊತೆ ಕ್ಲಿನಿಕ್ಕಿಗೆ ಬನ್ನಿ. ಒಂದು ಸಲ ಬಾಯಿ ನೋಡ್ತೀನಿ.”

“ನಾನೇನು ಸಂತೆಗೆ ಬಂದ ಕುದುರೆನಾ, ಹಲ್ಲು ನೋಡಿ ವಯಸ್ಸು ಹೇಳೋಕೆ?”

ಮಿರ್ಲಾನ್ ನಕ್ಕ. ಅತ್ತೆ ನಗಲಿಲ್ಲ. ತಲೆಬಟ್ಟೆಯ ತುದಿ ಎಳೆದು ಬಾಯಿಗೆ ಅಡ್ಡ ಹಿಡಿದರು.

“ಸೊಸೆ ಅತ್ತೆ ಬಾಯಿಗೆ ಕೈ ಹಾಕಿದ್ಲಂತೆ ಅಂತ ಬೀದಿ ಹೆಂಗಸರು ಆಡ್ಕೊಳ್ಳಲಿ ಅಂತಾನಾ? ಬೇಡ ಮಗಳೇ. ಹಲ್ಲು ತಾನೇ. ಬಂದ ಹಾಗೇ ಹೋಗ್ತವೆ.”

ಮಾತು ಮುಗಿಯಿತು. ನಾನು ಬಟ್ಟಲು ತೆಗೆದುಕೊಂಡು, ಸೊಸೆ ಹಿರಿಯರಿಗೆ ಬೆನ್ನು ತೋರಿಸಬಾರದೆಂದು, ಹಿಂದೆ ಹಿಂದೆ ನಡೆದು ಅಡುಗೆಮನೆಗೆ ಬಂದೆ. ಇಷ್ಟು ವರ್ಷದಲ್ಲಿ ಅದು ಕಾಲಿಗೇ ರೂಢಿಯಾಗಿದೆ. ಅವರ ಮುಖವನ್ನು ನೆಟ್ಟಗೆ ನೋಡಿದ್ದು ಕೂಡ ಕಡಿಮೆ. ಇನ್ನು ಬಾಯಿ...

ಮಿರ್ಲಾನ್ ಆಮೇಲೆ ಅಂದ: “ಬಿಡು. ಅವಳನ್ನ ಎಳೆದ್ರೆ ಕತ್ತೆ ಥರ ಕಾಲು ಊರ್ತಾಳೆ. ಬಿಟ್ರೆ ತಾನೇ ಬರ್ತಾಳೆ.”

ಫೆಬ್ರವರಿ 13, ಮಂಗಳವಾರ. ಮಧ್ಯಾಹ್ನ ಎರಡೂವರೆ

 ಈಗಲೇ ಬರೆಯದೆ ಇರಲಾಗದು. ಮುಂದಿನ ಪೇಷೆಂಟ್ ಬರಲು ಹೊತ್ತಿದೆ, ಫರೀದಾ ಉಪಕರಣ ಕುದಿಸುತ್ತಿದ್ದಾಳೆ.

ಬೆಳಿಗ್ಗೆ ಹತ್ತರ ಸುಮಾರಿಗೆ ಕಾರಿಡಾರಿಗೆ ಹೋಗಿ ‘ಮುಂದಿನವರು’ ಎಂದೆ. ಬೆಂಚಿನ ಕೊನೆಯಲ್ಲಿ ಅತ್ತೆ. ಮದುವೆಗಳಿಗೆ ತೊಡುವ ವೆಲ್ವೆಟ್ ಕೋಟು, ಹೊಸ ಬಿಳಿ ತಲೆಬಟ್ಟೆ. ಮನೆಯಿಂದ ಇಲ್ಲಿಗೆ ಮಂಜುಗಟ್ಟಿದ ಇಳಿಜಾರಿನಲ್ಲಿ ಒಬ್ಬರೇ ನಡೆದು ಬಂದಿದ್ದಾರೆ. ನಾನು ಓಡಿದೆ.

“ಎನೆ! ಒಳಗೆ ಬನ್ನಿ.”

“ನನಗಿಂತ ಮುಂಚೆ ಇವನು ಬಂದಿದ್ದಾನೆ,” ಎಂದು ಪಕ್ಕದ ಡ್ರೈವರ್ ಕಡೆ ಗಲ್ಲ ತೋರಿದರು. “ಆಮೇಲೆ ಆ ಹುಡುಗಿ. ಆಮೇಲೆ ನಾನು.”

ಕಾದರು. ಸರದಿ ಬಂದ ಮೇಲೇ ಒಳಗೆ ಬಂದರು. ಚೇರನ್ನು ಸುತ್ತು ಹಾಕಿ ನೋಡಿದರು, ಹೊಸ ಹಸುವನ್ನು ನೋಡುವ ಹಾಗೆ. ಕೂತರು. ಫರೀದಾ ಕಾರ್ಡು ಹಿಡಿದು ಸಿದ್ಧಳಾದಳು. ತುಂಟಿ. ಅತ್ತೆಯ ಹೆಸರು ಈ ಊರಿಗೆಲ್ಲ ಗೊತ್ತು.

“ಡಾಕ್ಟ್ರೇ, ಪೇಷೆಂಟ್ ಹೆಸರು?”

ಸೊಸೆ ಅತ್ತೆಯ ಹೆಸರೆತ್ತುವುದುಂಟೇ? ನನ್ನ ಕಿವಿ ಬಿಸಿಯಾಯಿತು. ಫರೀದಾ ತುಟಿ ಕಚ್ಚಿ ನಗು ತಡೆಯುತ್ತಿದ್ದಾಳೆ. ಅತ್ತೆಯೇ ಗತ್ತಿನಿಂದ ಹೇಳಿದರು:

“ಸೈರಾಕಾನ್ ಅಂತ ಬರಿ. ಇವಳ ಬಾಯಿಂದ ಅದು ಹೊರಡಲ್ಲ. ಒಳ್ಳೆ ಮನೆ ಹುಡುಗಿ.”

ಮೊದಲು ಮಾತು. ಯಾವ ಮಾತ್ರೆ ತಗೋತೀರಿ — ಬಿಪಿಯದು, ‘ನೆನಪಾದಾಗ’. ರಕ್ತ ಬೇಗ ನಿಲ್ಲುತ್ತಾ? ನಿಲ್ಲುತ್ತೆ. ನಸ್ವಾಯ್ ಹೊಗೆಸೊಪ್ಪು ಬಾಯಲ್ಲಿ ಇಟ್ಟುಕೊಳ್ಳುವುದುಂಟಾ? ಕಣ್ಣು ತಪ್ಪಿಸಿದರು. “ನಿನ್ನ ಮಾವ ಹೋದ ಮೇಲೆ, ಅವರ ಡಬ್ಬಿ ಖಾಲಿಯಾಗೋ ತನಕ... ಒಂದು ಚಿಟಿಕೆ. ವಾಸನೆಗೆ.” ಮಾವ ಹೋಗಿ ಎಂಟು ವರ್ಷ. ಅದು ಯಾವ ಡಬ್ಬಿ, ಇನ್ನೂ ಖಾಲಿಯಾಗದ್ದು, ಎಂದು ಕೇಳಲಿಲ್ಲ.

“ಎನೆ, ಕುತ್ತಿಗೆ ಮುಟ್ಟಿ ನೋಡಬೇಕು. ತಲೆಬಟ್ಟೆ...”

ಗಂಟಿನ ಮೇಲೆ ಕೈ ಇಟ್ಟರು. ಫರೀದಾ ತಾನಾಗಿಯೇ ಹೊರಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಗಂಟು ಬಿಚ್ಚಿದರು. ಹದಿನಾಲ್ಕು ವರ್ಷ ಒಂದೇ ಸೂರಿನ ಕೆಳಗಿದ್ದೇನೆ, ಆ ಕೂದಲನ್ನು ನಾನು ನೋಡಿದ್ದು ಇವತ್ತು. ಸಣ್ಣ ಎರಡು ಜಡೆ, ಬೆಳ್ಳಗೆ, ತುದಿಗೆ ಕಪ್ಪು ದಾರ. ಹಾಲು, ಒಲೆಯ ಹೊಗೆ, ಸೋಪಿನ ವಾಸನೆ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆಗೆಸಿದೆ, ಮುಚ್ಚಿಸಿದೆ. ದವಡೆಯ ಕೀಲು ಸಣ್ಣಗೆ ಕಟಕ್ ಎಂದಿತು. “ಹಳೇ ಬಾಗಿಲು,” ಎಂದರು. ಗಲ್ಲದ ಕೆಳಗೆ, ಕುತ್ತಿಗೆಯ ಎರಡೂ ಬದಿ, ಭುಜದ ಮೂಳೆಯವರೆಗೆ ಬೆರಳಾಡಿಸಿದೆ. ಗಂಟಿಲ್ಲ. ಕುತ್ತಿಗೆ ಬೆಚ್ಚಗಿತ್ತು. ನಾಡಿ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಹೆದರಿದ್ದಾರೆ. ಮುಖದಲ್ಲಿ ಮಾತ್ರ ಏನೂ ಇಲ್ಲ.

“ಏನು ಹುಡುಕ್ತಿದ್ದೀಯ? ಹಲ್ಲು ಮೇಲಿದೆ.”

“ಹಲ್ಲು ಕೊನೆಗೆ ಎನೆ. ಮೊದಲು ಅದರ ನೆರೆಹೊರೆ ನೋಡ್ಬೇಕು.”

“ಹಂಗಾ. ಮದುವೆಗೆ ಮುಂಚೆ ನಾವೂ ಹಂಗೇ ನೋಡಿದ್ವಿ, ನಿಮ್ಮ ಬೀದೀಲಿ.”

ಇದು ನನಗೆ ಗೊತ್ತಿರಲಿಲ್ಲ!

ದೀಪ ಎಳೆದೆ. ತುಟಿಯ ಒಳಮೈ, ಕೆನ್ನೆಯ ಒಳಮೈ, ಮೇಲಂಗುಳ. ಎಡಗೆನ್ನೆಯಲ್ಲಿ ಹಲ್ಲು ಕಚ್ಚಿದ ಹಳೆಯ ಬಿಳಿ ಗೆರೆ. ಒಸಡು ಇಳಿದಿದೆ, ಎರಡು ಹಲ್ಲು ಅಲ್ಲಾಡುತ್ತಿವೆ. ಮುಂದಿನ ಬಂಗಾರದ ಹಲ್ಲು ಮಾತ್ರ ಗಟ್ಟಿ, ಹೊಳೆಯುತ್ತಿದೆ. ಅದೇ ಅವರಿಗೆ ಹೆಮ್ಮೆ. ಅದನ್ನು ಮೊದಲು ನೋಡಲಿ ಎಂದೇ ಬಾಯನ್ನು ಆ ಕಡೆ ತಿರುಗಿಸಿದ್ದರು.

“ನಾಲಿಗೆ ಚಾಚಿ.”

ಅದೊಂದಕ್ಕೆ ಒಪ್ಪಲಿಲ್ಲ. ಹಿರಿಯ ಹೆಂಗಸು ಸೊಸೆಯ ಮುಂದೆ ನಾಲಿಗೆ ಚಾಚುವುದು! ನಾನೇ ಮಾಸ್ಕ್ ಇಳಿಸಿ ನನ್ನ ನಾಲಿಗೆ ಉದ್ದಕ್ಕೆ ಚಾಚಿ ತೋರಿಸಿದೆ. ಗಳಿಗೆ ಹೊತ್ತು ನೋಡಿದರು. ನಕ್ಕರು. ನಕ್ಕ ಮೇಲೆ ಚಾಚಿದರು.

ಗಾಜ್ ಬಟ್ಟೆಯಲ್ಲಿ ನಾಲಿಗೆಯ ತುದಿ ಹಿಡಿದು ಮೆಲ್ಲಗೆ ಬಲಕ್ಕೆ ಎಳೆದೆ. ಎಡ ಅಂಚು, ಹಿಂದುಗಡೆ. ಅಲ್ಲಿತ್ತು. ಹುಣ್ಣು. ಕಡಲೆಕಾಳಿನಷ್ಟು. ನೇರ ಎದುರಿಗೇ ಮುರಿದ ಹಲ್ಲಿನ ಚೂಪು ಅಂಚು. ಬರೀ ಉಜ್ಜಿ ಆದದ್ದಿರಬಹುದು. ಬೆರಳಿಟ್ಟೆ. ಹುಣ್ಣಿನ ಅಂಚು ಗಟ್ಟಿ. ಬರೀ ಉಜ್ಜಿ ಆದದ್ದಾದರೆ ಮೆತ್ತಗಿರಬೇಕು.

ನನ್ನ ಕೈ ನಿಂತಿತು. ಅರೆಕ್ಷಣ. ಆದರೆ ಮೊಳದ ದೂರವೂ ಇಲ್ಲದಲ್ಲಿ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು.

ನಾಲಿಗೆ ಬಿಟ್ಟೆ.

“ಯಾವಾಗಿನಿಂದ ಇದು, ಎನೆ?”

“ಬೇಸಿಗೆ ಹುಲ್ಲುಗಾವಲಿಂದ ಇಳಿದಾಗಿನಿಂದ.” ಅಂದರೆ ಸೆಪ್ಟೆಂಬರ್. “ಉಪ್ಪುನೀರು ಹಾಕ್ತಿದ್ದೆ. ಹೋಗ್ಲಿಲ್ಲ.”

“ಯಾಕೆ ಹೇಳ್ಲಿಲ್ಲ?”

“ಯಾರಿಗೆ ಹೇಳ್ಲಿ? ಮಗನಿಗಾ? ಮನೇಲಿ ನೀನು ಸೊಸೆ. ಇಲ್ಲಿ ಡಾಕ್ಟ್ರು ಅಂತ ಬಂದೆ.”

ಉಳಿದದ್ದನ್ನೂ ಮಾಡಿದೆ. ನಾಲಿಗೆಯ ಕೆಳಗೆ ನೋಡಿದೆ. ಒಂದೊಂದು ಹಲ್ಲನ್ನೂ ತಟ್ಟಿ ನೋಡಿದೆ, ಒಸಡಿನ ಆಳ ಅಳೆದೆ, ಹಲ್ಲು ಎಲ್ಲಿ ತಾಗುತ್ತದೆಂದು ನೋಡಲು ನೀಲಿ ಕಾಗದ ಕಚ್ಚಿಸಿದೆ, ಎಕ್ಸ್‌ರೇ ತೆಗೆದೆ. ಸೀಸದ ಏಪ್ರನ್ ಹೊದಿಸಿದಾಗ “ಇದು ಮದುವೆ ಕೋಟಿಗಿಂತ ಭಾರ” ಎಂದರು. ಕೊನೆಗೆ ಮುರಿದ ಹಲ್ಲಿನ ಚೂಪನ್ನು ಉಜ್ಜಿ ನುಣುಪು ಮಾಡಿದೆ. ಹೇಳಿದೆ: ಹಲ್ಲು ಚುಚ್ಚಿಯೇ ಹುಣ್ಣಾಗಿದ್ದರೆ ಎರಡು ವಾರದಲ್ಲಿ ಮಾಯಬೇಕು. ಮಾಯದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ದಿನಾ ನೋಡುತ್ತೇನೆ. ಆ ಡಬ್ಬಿ ನನಗೆ ಕೊಡಿ.

ತಲೆಬಟ್ಟೆ ಕಟ್ಟಿಕೊಳ್ಳುತ್ತಾ ಕೇಳಿದರು:

“ಕುರಿ ಆಗಿದ್ರೆ, ಈ ಹಲ್ಲು ನೋಡಿ ನಾನೇನ್ ಹೇಳ್ತಿದ್ದೆ ಗೊತ್ತಾ? ಚಳಿಗಾಲ ದಾಟಲ್ಲ, ಮಾರಿಬಿಡು ಅಂತಿದ್ದೆ.”

“ನಾನು ಮಾರಲ್ಲ ಎನೆ.”

ನನ್ನ ಗ್ಲೌಸ್ ಹಾಕಿದ ಕೈಯನ್ನು ಒಮ್ಮೆ ತಟ್ಟಿ ಎದ್ದರು. ಇಳಿಜಾರಿನಲ್ಲಿ ಕೈಹಿಡಿದು ಮನೆಗೆ ಬಿಟ್ಟುಬರಲು ಫರೀದಾಳನ್ನು ಕಳಿಸಿದೆ.

ಫೆಬ್ರವರಿ 17

ಡಬ್ಬಿ ನನ್ನ ದಿಂಬಿನ ಕೆಳಗೆ ಬಂದಿದೆ. ಅರ್ಧ ತುಂಬಿದೆ. ಯಾರೋ ಆಗಾಗ ತುಂಬಿಸುತ್ತಿದ್ದರು ಅಂತ ಕಾಣುತ್ತೆ!

ಬೆಳಿಗ್ಗೆ ಹಾಲು ಕರೆದು ಬಂದ ಮೇಲೆ ಅಡುಗೆಮನೆಯ ಕಿಟಕಿಯ ಹತ್ತಿರ ಕೂರುತ್ತಾರೆ. ಬಿಸಿಲು ಬೀಳುವ ಕಡೆ ಮುಖ. ನಾನು ಗಾಜ್ ತರುವುದರೊಳಗೆ ತಲೆಬಟ್ಟೆ ಸಡಿಲಿಸಿ ಬಾಯಿ ತೆರೆದಿರುತ್ತಾರೆ. ನೋಡುತ್ತೇನೆ. ಬದಲಾದ ಹಾಗಿಲ್ಲ. ಬದಲಾಗಿದೆ ಅನ್ನುತ್ತದೆ ಮನಸ್ಸು.

ಇವತ್ತು ಮಿರ್ಲಾನ್ ಬೆನ್ನು ತಿರುಗಿಸಿ ಬೂಟು ಹಾಕುತ್ತಿದ್ದಾಗ ಅತ್ತೆ ನನಗೆ ನಾಲಿಗೆ ಚಾಚಿ ತೋರಿಸಿದರು. ಪರೀಕ್ಷೆಗಲ್ಲ. ಸುಮ್ಮನೆ. ನನ್ನ ಕೈಯಲ್ಲಿದ್ದ ಚಹಾ ಚೆಲ್ಲಿತು.

“ಏನಾಯ್ತು?” ಎಂದ ಅವನು.

“ನಿನ್ನ ಹೆಂಡತಿಗೆ ಕೈಯಲ್ಲಿ ಬಲ ಇಲ್ಲ,” ಎಂದರು ಅತ್ತೆ, ಗಂಭೀರವಾಗಿ.

ಫೆಬ್ರವರಿ 22

ಇವತ್ತು ನೋಡುವಾಗ ಬಾಯಿ ತೆರೆದುಕೊಂಡೇ ಏನೋ ಹೇಳಲು ಹೋದರು. ಆಂ ಊಂ. ಬಿಟ್ಟ ಮೇಲೆ ತಿಳಿಯಿತು — ನನ್ನ ಹುಬ್ಬಿನ ಪಕ್ಕ ಒಂದು ಮಚ್ಚೆ ಇದೆಯಂತೆ, ಇಷ್ಟು ವರ್ಷ ಕಂಡಿರಲಿಲ್ಲವಂತೆ. “ನೀನು ಯಾವಾಗ್ಲೂ ತಲೆ ತಗ್ಗಿಸ್ಕೊಂಡಿರ್ತೀಯ. ಹೇಗೆ ಕಾಣ್ಬೇಕು?”

ಹೌದು. ತಗ್ಗಿಸಿರುವುದು ಅವರಿಗಾಗಿಯೇ.

ಹುಣ್ಣು ಹಾಗೇ ಇದೆ.

ಫೆಬ್ರವರಿ 27, ಮಂಗಳವಾರ

ಎರಡು ವಾರ ಆಯಿತು. ಹಲ್ಲು ಈಗ ತಾಗುತ್ತಿಲ್ಲ. ಮಾಯಲು ಕಾರಣವಿತ್ತು. ಮಾಯಲಿಲ್ಲ.

ಜಿಲ್ಲಾ ಆಸ್ಪತ್ರೆಯ ಸರ್ಜನ್ ಚೂರು ತೆಗೆದರು. ನಾನು ಅತ್ತೆಯ ತಲೆ ಹಿಡಿದು ನಿಂತಿದ್ದೆ. ಅವರು ನನ್ನ ಕೋಟಿನ ಗುಂಡಿ ಹಿಡಿದುಕೊಂಡಿದ್ದರು, ಬಿಡಲೇ ಇಲ್ಲ. ಚೂರು ರಾಜಧಾನಿ ಬಿಷ್ಕೆಕ್‌ಗೆ ಹೋಗುತ್ತದೆ. ಕಾಯಬೇಕು.

ಮಿರ್ಲಾನ್‌ಗೆ ಹೇಳಿದೆ. ಡೊಲೊನ್ ಕಣಿವೆಯ ರಸ್ತೆಯಲ್ಲಿ ಹಿಮ ತಳ್ಳುವ ಯಂತ್ರ ಓಡಿಸಿ ಬಂದಿದ್ದ, ಗಡ್ಡದಲ್ಲಿ ಇನ್ನೂ ಮಂಜು. ಊಟ ಮಾಡಲಿಲ್ಲ. ಹೊರಗೆ ಹೋಗಿ ಸೌದೆ ಒಡೆದ. ಒಡೆದಿಟ್ಟ ಸೌದೆ ಬೇಕಾದಷ್ಟಿದೆ.

ಮಾರ್ಚ್ 8

ಮಹಿಳಾ ದಿನ. ರಜೆ. ಮಿರ್ಲಾನ್ ಇಬ್ಬರಿಗೂ ಟ್ಯುಲಿಪ್ ತಂದ. ಅತ್ತೆಯದು ಕೆಂಪು, ನನ್ನದು ಹಳದಿ. ಬಿಷ್ಕೆಕ್‌ನಿಂದ ಸುದ್ದಿಯಿಲ್ಲ. ಬರೆಯಲು ಮನಸ್ಸಿಲ್ಲ.

ಮಾರ್ಚ್ 13

ರಿಪೋರ್ಟ್ ಬಂತು. ಕ್ಯಾನ್ಸರ್.

ಸಣ್ಣದು. ಆರಂಭ. ಜಿಲ್ಲಾ ಆಸ್ಪತ್ರೆಯಲ್ಲೇ ತೆಗೆಸಿದ್ದ ಕುತ್ತಿಗೆಯ ಸ್ಕ್ಯಾನ್‌ನಲ್ಲೂ ಏನೂ ಕಂಡಿಲ್ಲ. ನಾಲಿಗೆಯ ಆ ಅಂಚನ್ನು ತೆಗೆದರೆ ಸಾಕಾಗಬಹುದು ಎನ್ನುತ್ತಾರೆ ಬಿಷ್ಕೆಕ್‌ನ ಡಾಕ್ಟರ್. ಬೇಗ ಬನ್ನಿ ಎಂದರು. ಇಷ್ಟನ್ನೂ ನಾನು ಫೋನಿನಲ್ಲಿ ‘ಹ್ಞೂಂ, ಹ್ಞೂಂ’ ಅಂತ ಕೇಳಿಸಿಕೊಂಡೆ, ಬೇರೆ ಯಾರದೋ ಪೇಷೆಂಟ್ ಎಂಬಂತೆ. ಫೋನಿಟ್ಟ ಮೇಲೆ ಫರೀದಾ ಬಾಗಿಲಿಗೆ ಚಿಲಕ ಹಾಕಿ ನನ್ನನ್ನು ಅಪ್ಪಿಕೊಂಡಳು.

ಮನೆಯಲ್ಲಿ ಮಿರ್ಲಾನ್: “ಅವಳಿಗೆ ಹೇಳ್ಬೇಡ. ಹುಣ್ಣು ಕೊಯ್ಸೋಕೆ ಹೋಗ್ತಿದ್ದೀವಿ ಅಂತ ಹೇಳೋಣ. ಆ ಪದ ಕೇಳಿದ್ರೆ ಅದಕ್ಕೇ ಸತ್ತುಹೋಗ್ತಾಳೆ.”

“ಅವರ ನಾಲಿಗೆ, ಮಿರ್ಲಾನ್. ಕತ್ತರಿಸೋದು ಅವರದ್ದು.”

“ನನ್ನ ಅಮ್ಮ ಅವಳು!”

“ಗೊತ್ತು.”

ಅವನು ಅತ್ತ. ಮದುವೆಯಾದ ಮೇಲೆ ಮೊದಲ ಸಲ ನೋಡಿದೆ. ಅಪ್ಪ ಹೋದಾಗಲೂ ಜನರ ಮಧ್ಯೆ ಗಟ್ಟಿಯಾಗಿ ನಿಂತಿದ್ದವನು.

ಮಾರ್ಚ್ 14, ಬುಧವಾರ. ಬೆಳಿಗ್ಗೆ

ಕೊಟ್ಟಿಗೆಗೆ ಹೋದೆ. ಅತ್ತೆ ಹಾಲು ಕರೆಯುತ್ತಿದ್ದರು. ಹಣೆಯನ್ನು ಹಸುವಿನ ಹೊಟ್ಟೆಗೆ ಒರಗಿಸಿ, ಕಣ್ಣು ಮುಚ್ಚಿ. ಮಿರ್ಲಾನ್ ಹೇಳಿದ ಸುಳ್ಳು ಬಾಯಲ್ಲಿ ಸಿದ್ಧವಾಗಿತ್ತು. ಹೇಳಿಬಿಡಬಹುದಿತ್ತು.

“ರಿಪೋರ್ಟ್ ಬಂತಾ?” ಎಂದರು, ಕಣ್ಣು ತೆರೆಯದೆ. “ನಿನ್ನೆ ಇಡೀ ಮನೆ ಪಿಸುಪಿಸು ಅಂತಿತ್ತು.”

“ಬಂತು ಎನೆ.”

“ಅದೇನಾ?”

“ಅದೇ.”

ಚರ್... ಚರ್... ಹಾಲು ಬೀಳುತ್ತಲೇ ಇತ್ತು. ಕೈ ನಿಲ್ಲಲಿಲ್ಲ. ನಡುವೆ ಬಿಟ್ಟರೆ ಈ ಹಸು ಆಮೇಲೆ ಮುಟ್ಟಗೊಡುವುದಿಲ್ಲ. ನಾನು ಎಲ್ಲ ಹೇಳಿದೆ. ಎಷ್ಟು ಸಣ್ಣದು, ಎಲ್ಲಿ ಕತ್ತರಿಸುತ್ತಾರೆ, ಆಮೇಲೆ ನುಂಗಲು ಕಷ್ಟ, ಮಾತು ಸ್ವಲ್ಪ ಬದಲಾಗುತ್ತೆ, ಕಲಿಯಬೇಕು. ಬಿಟ್ಟರೆ ಏನಾಗುತ್ತೆ ಎಂಬುದನ್ನೂ. ಯಾವ ಪೇಷೆಂಟ್‌ಗೂ ಇಷ್ಟು ಬಿಡಿಸಿ ಹೇಳಿಲ್ಲ.

ಬಕೆಟ್ ಬದಿಗಿಟ್ಟರು. ಕೈ ಒರೆಸಿಕೊಂಡರು. ನನ್ನ ಎರಡೂ ಕೈ ತೆಗೆದುಕೊಂಡು ತಮ್ಮ ಕಂಕುಳಲ್ಲಿ ಸಿಕ್ಕಿಸಿಕೊಂಡರು, ಬೆಚ್ಚಗೆ.

“ಐಸ್ ಆಗಿವೆ. ಗ್ಲೌಸ್ ಹಾಕ್ಕೊಂಡು ಬರೋಕೆ ಆಗ್ಲಿಲ್ವಾ?”

ಅಷ್ಟೇ. ಹಾಗೇ ನಿಂತಿದ್ದೆವು. ಹಸು ತಿರುಗಿ ನಮ್ಮಿಬ್ಬರನ್ನೂ ನೋಡಿತು.

ಮಾರ್ಚ್ 18, ಭಾನುವಾರ

ಮಿರ್ಲಾನ್‌ನ ಅಕ್ಕ ಅನಾರ್ಕುಲ್ ಅತ್-ಬಾಶಿಯಿಂದ ಬಂದಳು. ಬಾಗಿಲಲ್ಲೇ ಅಳು. ಕೋಟು ತೆಗೆಯುವ ಮೊದಲೇ ಜಗಳ.

“ಚಾಕು ಸೋಕಿದ್ರೆ ಅದು ಎದ್ದು ಮೈಯೆಲ್ಲ ಓಡುತ್ತೆ! ನನ್ನ ಗಂಡನ ಚಿಕ್ಕಪ್ಪಂಗೆ ಹಂಗೇ ಆಗಿದ್ದು. ನಮ್ಮ ಕಡೆ ಒಬ್ಬಳು ಮುದುಕಿ ಇದ್ದಾಳೆ, ಬೇರು ಅರೆದು ಕೊಡ್ತಾಳೆ. ಅಲ್ಲಿಗೆ ಕರ್ಕೊಂಡು ಹೋಗ್ತೀನಿ.”

“ನಿಮ್ಮ ಚಿಕ್ಕಪ್ಪ ಆಸ್ಪತ್ರೆಗೆ ಹೋದಾಗ್ಲೇ ತಡವಾಗಿತ್ತು ಅಕ್ಕ,” ಎಂದೆ.

“ನೀನು ಸುಮ್ನಿರು! ಹಲ್ಲು ಕೀಳೋಳು ನೀನು. ನೀನು ಮುಟ್ಟದೆ ಇದ್ದಿದ್ರೆ ಅದು ತನ್ನ ಪಾಡಿಗೆ ಮಲಗಿರ್ತಿತ್ತು.”

  ಒಲೆಯ ಕಡೆ ತಿರುಗಿ ನಿಂತೆ. ಬೆನ್ನು ತೋರಿಸಿ, ಹೌದು, ಎಲ್ಲರಿಗೂ. ಮಿರ್ಲಾನ್ ನೆಲ ನೋಡುತ್ತಾ ಕೂತಿದ್ದ. ಅತ್ತೆ ಒಣಮೊಸರಿನ ಕುರುತ್ ಉಂಡೆಯೊಂದನ್ನು ಚಹಾದಲ್ಲಿ ನೆನೆಹಾಕಿ ಕೂತಿದ್ದರು. ಅದನ್ನು ಹೊರಗೆ ತೆಗೆದು ತಟ್ಟೆಯಲ್ಲಿಟ್ಟರು.

“ಅನಾರ್ಕುಲ್, ಕೂತ್ಕೋ. ಕೋಟು ತೆಗಿ. ಮನೆಯೆಲ್ಲ ಚಳಿ ತಂದೆ.”

ಕೂತಳು.

“ಸೆಪ್ಟೆಂಬರಿಂದ ಅದು ನನ್ನ ಬಾಯಲ್ಲಿದೆ. ನೀನು ಎಷ್ಟು ಸಲ ಬಂದೆ? ನಾನು ಮಾಂಸ ಬಿಟ್ಟಿದ್ದು ನಿನಗೆ ಕಾಣ್ತಾ? ನನ್ನ ಮಗನಿಗೆ ಕಾಣ್ತಾ? ಕಂಡಿದ್ದು ಇವಳಿಗೆ. ನನ್ನ ಬಾಯೊಳಗೆ ಇಣುಕಿ ನೋಡಿದೋಳು ಇವಳೊಬ್ಬಳೇ. ಹೆತ್ತ ಮಗೂನ ನೋಡೋ ಹಾಗೆ ನೋಡಿದ್ಲು. ಅಸಹ್ಯ ಪಡ್ಲಿಲ್ಲ. ಇವಳು ಕತ್ತರಿಸು ಅಂದ್ರೆ ಕತ್ತರಿಸ್ತಾರೆ. ಮುಗೀತು.”

“ಅಮ್ಮಾ, ಮಾತು ಹೋಗ್ಬಿಟ್ರೆ?”

“ಎಪ್ಪತ್ತೆರಡು ವರ್ಷ ಮಾತಾಡಿದೀನಲ್ಲೇ. ಯಾರು ಕೇಳಿಸ್ಕೊಂಡ್ರಿ?”

ಅನಾರ್ಕುಲ್ ನಕ್ಕಳೋ ಅತ್ತಳೋ, ಎರಡೂ. ಆಮೇಲೆ ಒಲೆಯ ಹತ್ತಿರ ಬಂದು ನನ್ನ ಪಕ್ಕ ನಿಂತಳು. ಈರುಳ್ಳಿ ಹೆಚ್ಚತೊಡಗಿದಳು. ಅಷ್ಟು ಸಾಕು.

ಮಾರ್ಚ್ 25, ಭಾನುವಾರ. ಬಿಷ್ಕೆಕ್

ನಡುವೆ ನೂರೂಜ್ ಹಬ್ಬ ಬಂದು ಹೋಯಿತು. ಪಕ್ಕದ ಮನೆಯವರು ಕಳಿಸಿದ ಗೋಧಿ ಮೊಳಕೆಯ ಪಾಯಸವನ್ನು ಅತ್ತೆ ಎರಡು ಬಟ್ಟಲು ಕುಡಿದರು. ಮೆತ್ತಗಿದೆ, ನಾಲಿಗೆಗೆ ಉರಿಯಲ್ಲ.

ಇವತ್ತು ಮಿರ್ಲಾನ್ ಕಾರು ಓಡಿಸಿದ. ಡೊಲೊನ್ ದಾಟಿ, ಕೊಚ್ಕೋರ್‌ನಲ್ಲಿ ಚಹಾ, ಮಧ್ಯಾಹ್ನಕ್ಕೆ ಇಲ್ಲಿ. ಅವನ ಗೆಳೆಯನ ಮನೆಯಲ್ಲಿದ್ದೇವೆ. ಆಪರೇಷನ್ ಮಂಗಳವಾರ.

ದಾರಿಯಲ್ಲಿ ನಡೆದದ್ದನ್ನು ಬರೆದಿಡಬೇಕು.

ಅತ್ತೆ ಮಾತಾಡಿದರು. ಊರು ಬಿಟ್ಟಲ್ಲಿಂದ ಇಲ್ಲಿಯ ತನಕ. ಮನೆಯಲ್ಲಿ ‘ಉಪ್ಪು ಕೊಡು’, ‘ಹಸು ಬಂತಾ’ ಎಂಬಷ್ಟೇ ಮಾತಾಡುವ ಹೆಂಗಸು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ಒಂದೊಂದು ಕಣಿವೆಯ ಬಾಯಿ ಬಂದಾಗಲೂ — ಇಲ್ಲಿ ಹುಡುಗಿಯಾಗಿದ್ದಾಗ ಕುದುರೆಯಿಂದ ಬಿದ್ದೆ, ಇಲ್ಲಿ ನಿನ್ನ ಮಾವ ಕುದುರೆ ಓಟದಲ್ಲಿ ನನ್ನ ಬೆನ್ನಟ್ಟಿ ಬಂದು ಸೋತ, ಅವನ ಕುದುರೆ ಕುಂಟಿತು ಅಂತ ಸುಳ್ಳು ಹೇಳಿದ. ಇಲ್ಲಿ ಹಿಮದಲ್ಲಿ ಮಂದೆ ಸಿಕ್ಕಿಬಿದ್ದಾಗ ಅನಾರ್ಕುಲ್‌ಳನ್ನು ಎದೆಗೆ ಕಟ್ಟಿಕೊಂಡು ನಡೆದೆ. ಮಿರ್ಲಾನ್ ಕನ್ನಡಿಯಲ್ಲಿ ನೋಡುತ್ತಿದ್ದ. ಒಂದು ಕಡೆ, “ಇದನ್ನ ನನಗೆ ಯಾವತ್ತೂ ಹೇಳೇ ಇಲ್ವಲ್ಲ ಅಮ್ಮಾ,” ಎಂದ.

“ನೀನು ಕೇಳಿದ್ಯಾ? ದಾರಿ ನೋಡ್ಕೊಂಡು ಓಡ್ಸು.”

ಗೊತ್ತಾಯಿತು ನನಗೆ. ಈ ನಾಲಿಗೆ ಇರುವಾಗಲೇ ಎಲ್ಲ ಹೇಳಿ ಮುಗಿಸುತ್ತಿದ್ದಾರೆ. ಕಿಟಕಿಯ ಕಡೆ ತಿರುಗಿದೆ. ಅವರು ಮೊಣಕೈಯಿಂದ ತಿವಿದರು.

“ಇತ್ತ ನೋಡು. ನಿನಗೊಂದು ಹೇಳ್ಬೇಕು. ನಿನ್ನನ್ನ ಮನೆಗೆ ತಂದ ದಿನ ನೆನಪಿದೆಯಾ? ಮುಸುಕು ಹಾಕಿ ಮೂಲೇಲಿ ಕೂರ್ಸಿದ್ವಿ. ಮದುಮಗಳು ಮುಖ ಎತ್ತಬಾರದು. ಯಾವನೋ ಮುದುಕ ಬಂದು ಹಾರೈಸೋಕೆ ಹೋಗಿ ಹೊಸಿಲು ಎಡವಿ ಸಾರಿನ ಪಾತ್ರೆ ಮೇಲೆ ಬಿದ್ದ. ಎಲ್ರೂ ಅವನ್ನ ನೋಡಿದ್ರು. ನಾನು ನಿನ್ನ ನೋಡಿದೆ. ಮುಸುಕಿನ ಕೆಳಗೆ ನಗ್ತಿದ್ದೆ ನೀನು. ಹಲ್ಲೆಲ್ಲ ಕಾಣೋ ಹಾಗೆ.”

“ಅಯ್ಯೋ ಎನೆ...”

“ನನ್ನ ನಾದಿನಿ ಅಂದ್ಲು, ಈ ಹುಡುಗಿಗೆ ನಾಚಿಕೆ ಇಲ್ಲ ಅಂತ. ನಾನಂದ್ಕೊಂಡೆ, ಸದ್ಯ, ನಮ್ಮ ಮನೇಲಿ ಇನ್ನು ನಗೋರು ಒಬ್ರು ಇರ್ತಾರೆ ಅಂತ. ಆಮೇಲೆ ನೀನು ತಲೆ ತಗ್ಗಿಸ್ದೋಳು ಎತ್ತಲೇ ಇಲ್ಲ. ನಾನೂ ಎತ್ತು ಅನ್ಲಿಲ್ಲ. ಅತ್ತೆ ಅಂದ್ರೆ ಹಾಗಿರ್ಬೇಕು ಅಂತ ನನಗೂ ಯಾರೋ ಕಲಿಸಿದ್ರಲ್ಲ.” ನನ್ನ ಗಲ್ಲಕ್ಕೆ ಬೆರಳಿಟ್ಟು ಎತ್ತಿ, “ಇನ್ಮೇಲೆ ಎತ್ತು. ಹಿಂದೆ ಹಿಂದೆ ನಡೀಬೇಡ, ಯಾವತ್ತೋ ಒಂದಿನ ಒಲೆ ಮೇಲೆ ಬೀಳ್ತೀಯ.”

ಈಗ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ. ಗೊರಕೆ ಹೊಡೆಯುತ್ತಿದ್ದಾರೆ. ಆರಾಮಾಗಿ.

ಮಾರ್ಚ್ 27, ಮಂಗಳವಾರ. ಸಂಜೆ ನಾಲ್ಕು

ಆಯಿತು. ಹೊರಗೆ ತಂದರು. ಮುಖ ಊದಿದೆ. ಕಣ್ಣು ತೆರೆದು ನನ್ನನ್ನೇ ಹುಡುಕಿದರು. ಬಗ್ಗಿದೆ. ಮಾತಾಡಬೇಡಿ ಎಂದೆ. ಕೈ ಎತ್ತಿ ನನ್ನ ಹುಬ್ಬಿನ ಪಕ್ಕ, ಆ ಮಚ್ಚೆಯ ಮೇಲೆ ಬೆರಳಿಟ್ಟರು.

ಮಾರ್ಚ್ 30

ಮೂಗಿನ ನಳಿಗೆಯಲ್ಲಿ ಹಾಲು, ಸಾರು. ನಾಲಿಗೆ ಬೆಳಿಗ್ಗೆಗಿಂತ ಸಂಜೆಗೆ ಕಡಿಮೆ ಊದಿದೆ. ಮಿರ್ಲಾನ್ ಹಾಸಿಗೆಯ ಪಕ್ಕ ಕೂತು ತನ್ನ ಕೆಲಸದ ಕಥೆಗಳನ್ನೆಲ್ಲ ಹೇಳುತ್ತಿದ್ದಾನೆ. ಯಾವ ತಿರುವಿನಲ್ಲಿ ಯಾವ ಲಾರಿ ಸಿಕ್ಕಿಬಿತ್ತು, ಯಾರನ್ನು ಎಳೆದು ತೆಗೆದ. ಅತ್ತೆ ಕೇಳುತ್ತಾರೆ, ಕಣ್ಣರಳಿಸಿ. ಈಗ ಮಾತು ಅವನ ಪಾಲಿಗೆ ಬಂದಿದೆ.

ಏಪ್ರಿಲ್ 21

ತುಂಬಾ ದಿನ ಆಯಿತು ಬರೆದು. ಮನೆಗೆ ಬಂದು ಎರಡು ವಾರದ ಮೇಲಾಯಿತು.

ಕೊಯ್ದ ಅಂಚಿನ ರಿಪೋರ್ಟ್ ಬಂತು. ಸುತ್ತ ಎಲ್ಲ ಕಡೆ ಶುದ್ಧ. ಕುತ್ತಿಗೆಯಲ್ಲಿ ಏನೂ ಇಲ್ಲ. ತಿಂಗಳಿಗೊಮ್ಮೆ ನೋಡಬೇಕು, ವರ್ಷಗಟ್ಟಲೆ. ನೋಡುತ್ತೇನೆ. ಅದು ನನ್ನ ಕೆಲಸ, ಇನ್ಯಾರಿಗೂ ಕೊಡುವುದಿಲ್ಲ.

ಮಾತು ಬಂದಿದೆ. ‘ರ’ ಮಾತ್ರ ಬಂದಿಲ್ಲ, ಅದರ ಜಾಗದಲ್ಲಿ ‘ಲ’ ಕೂತಿದೆ. ಮಿರ್ಲಾನ್ ಈಗ ‘ಮಿಲ್ಲಾನ್’. ಮೊದಲ ದಿನ ಅವನಿಗೆ ನಗು ತಡೆಯಲಾಗಲಿಲ್ಲ, ಅತ್ತೆ ಲಟ್ಟಣಿಗೆ ಎಸೆದರು. ಬೆಳಿಗ್ಗೆ ಕಿಟಕಿಯ ಹತ್ತಿರ ನಾಲಿಗೆಯ ಕಸರತ್ತು. ಮೇಲೆ, ಕೆಳಗೆ, ಕೆನ್ನೆಗೆ, ಕೆನ್ನೆಗೆ. ನಾನೂ ಎದುರಿಗೆ ಕೂತು ಮಾಡುತ್ತೇನೆ. ಬೀದಿಯಲ್ಲಿ ಹೋಗುವವರು ನೋಡಿದರೆ ಏನಂದುಕೊಂಡಾರು.

ಅಲ್ಲಾಡುತ್ತಿದ್ದ ಹಲ್ಲು ತೆಗೆದೆ, ಮುರಿದದ್ದನ್ನೂ. ಬಂಗಾರದ್ದು ಬಿಟ್ಟೆ. ಅದನ್ನು ಮುಟ್ಟಿದರೆ ಮನೆಯಲ್ಲಿ ಜಾಗ ಇರುವುದಿಲ್ಲ.

ಮೇ 2

ನಮ್ಮ ಬೀದಿಯ ಆಚೆ ತುದಿಯ ಮುದುಕಿಯೊಬ್ಬಳ ಬಾಯಲ್ಲಿ ಹುಣ್ಣಂತೆ. ಅತ್ತೆಗೆ ಬಾವಿಯ ಹತ್ತಿರ ಹೇಳಿದಳಂತೆ. ಅತ್ತೆ ನನಗೆ ಆಜ್ಞೆ ಮಾಡಿದರು: ಮಂಗಳವಾರ ಬೆಳಿಗ್ಗೆ ಜಾಗ ಇಟ್ಟಿರು.

ಮೇ 8, ಮಂಗಳವಾರ. ಹನ್ನೊಂದು ಗಂಟೆ

ಒಬ್ಬಳಲ್ಲ. ಬೆಂಚು ತುಂಬ ಕೂತಿದ್ದಾರೆ. ಬಿಳಿ ತಲೆಬಟ್ಟೆಗಳ ಸಾಲು, ಎಲ್ಲರೂ ವೆಲ್ವೆಟ್ ಕೋಟಿನಲ್ಲಿ, ಎಲ್ಲರೂ ಬಾಯಿ ಬಿಗಿದುಕೊಂಡು. ಅತ್ತೆ ಹಿಂಡುಹೊಡೆದುಕೊಂಡು ಬಂದಿದ್ದಾರೆ. ಮೊದಲು ತಾವು ಕೂತು, ಬಾಗಿಲು ತೆರೆದಿಟ್ಟೇ, ಎಲ್ಲರ ಎದುರಿಗೆ ನನ್ನಿಂದ ಬಾಯಿ ನೋಡಿಸಿಕೊಂಡರು. ನಾಲಿಗೆ ಮೆತ್ತಗಿದೆ, ಗುಲಾಬಿ ಬಣ್ಣ. ಕುತ್ತಿಗೆಯಲ್ಲಿ ಏನೂ ಇಲ್ಲ. ಈ ತಿಂಗಳದ್ದು ಆಯಿತು.

ಫರೀದಾ ಉಪಕರಣ ಕುದಿಸುತ್ತಿದ್ದಾಳೆ. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಬಾಗಿಲ ಸಂದಿಯಿಂದ ಕೇಳುತ್ತಿದೆ, ಕಾರಿಡಾರ್ ತುಂಬ ಅವರದೇ ದನಿ —

“ಹೆದಲ್ಬೇಡಿ. ಮೊದ್ಲು ಹಲ್ಲು ಮುಟ್ಟೋದೇ ಇಲ್ಲ. ಮಾತಾಡ್ಸ್ತಾಳೆ. ಯಾವ ಮಾತ್ಲೆ, ಏನ್ ನೋವು. ಸುಳ್ಳು ಹೇಳಿದ್ಲೆ ಅವ್ಳಿಗೆ ಗೊತ್ತಾಗುತ್ತೆ. ಆಮೇಲೆ ಕುತ್ತಿಗೆ ಸವಲ್ತಾಳೆ, ಕಲು ಸವಲೋ ಹಾಗೆ.”

“ಕಲು ಅಂದ್ರೆ?” ಯಾರೋ.

“ಹಸು ಮಗು! ಆಮೇಲೆ ತುಟಿ, ಕೆನ್ನೆ, ಅಂಗುಳ. ಮನೆ ಸುತ್ತ ನೋಡಿ ಆಮೇಲೆ ಒಳಗೆ ಬಲ್ತಾಳೆ. ನಾಲಿಗೆ ಚಾಚು ಅಂತಾಳೆ. ಚಾಚ್ಬೇಕು. ನಾಚ್ಕೋಬೇಡಿ, ಬೇಕಾದ್ಲೆ ಅವ್ಳೇ ಮೊದ್ಲು ಚಾಚಿ ತೋಲಿಸ್ತಾಳೆ. ಹಲ್ಲು ಕೊನೇಲಿ. ಟಕ್ ಟಕ್ ಅಂತ ತಟ್ತಾಳೆ, ಅಷ್ಟೇ. ಚಿತ್ಲ ತೆಗಿಯೋವಾಗ ಭಾಲದ ಕೋಟು ಹೊದಿಸ್ತಾಳೆ.”

“ನೋಯುತ್ತಾ ಸೈರಾಕಾನ್?” ಸಣ್ಣ ದನಿ. ಹುಣ್ಣಿನ ಮುದುಕಿಯೇ ಇರಬೇಕು.

ಬೆಂಚು ಕಿರುಗುಟ್ಟಿತು, ಅತ್ತೆ ಅವಳ ಕಡೆ ಸರಿದರೇನೋ.

“ನೋಡೋದು ನೋಯಲ್ಲ. ಯಾಲೂ ನೋಡದೆ ಇಲೋದು ನೋಯುತ್ತೆ. ಬಾ. ನಾನು ಒಳಗೆ ಬಲ್ತೀನಿ, ಪಕ್ಕದಲ್ಲೇ ನಿಂತಿಲ್ತೀನಿ. ನನ್ನ ಕೋಟಿನ ಗುಂಡಿ ಹಿಡ್ಕೋ.”

ಕಣ್ಣು ಮಂಜಾಗಿದೆ. ಮಾಸ್ಕ್ ಹಾಕಿದರೆ ಕಾಣುವುದಿಲ್ಲ. ಅವರು ಬಾಗಿಲು ತಟ್ಟದೆ ಒಳಗೆ ಬಂದಿದ್ದಾರೆ, ಆ ಮುದುಕಿಯ ತೋಳು ಹಿಡಿದು.

“ಇನ್ನೂ ಏನ್ ಬಲೀತಾ ಕೂತಿದ್ದೀಯ, ಕುಂದುಜ್? ಎದ್ದೇಳು, ಕೈ ತೊಳ್ಕೋ. ಇವ್ಳ ತಲೆಬಟ್ಟೆ ನಾನು ಬಿಚ್ತೀನಿ, ನೀನು...”

ನನ್ನ ಹೆಸರು. ಇಷ್ಟು ವರ್ಷದಲ್ಲಿ ಮೊದಲ ಸಲ ‘ಮಗಳೇ’ ಅಲ್ಲ, ‘ಸೊಸೆ’ ಅಲ್ಲ, ಕುಂದುಜ್. ಪೆನ್ನು ಇಡುತ್ತಿದ್ದೇನೆ, ಕೈ ತೊಳೆಯಬೇಕು.